ಒಂದು ಹನಿ ಹಿಟ್ಟಿನ ಥರ್ಮಾಮೀಟರ್

ಬಳ್ಳಾರಿಯಲ್ಲಿ ಸಂಜೆ ಐದೂವರೆ ಆದರೆ ಮಿರ್ಚಿ ಬಂಡಿಗಳ ಸ್ಟವ್ ಹೊತ್ತಿಕೊಳ್ಳುತ್ತವೆ. ನಾನು ನಿಲ್ಲುವ ಬಂಡಿಯ ಅಣ್ಣ ಬಾಣಲೆಗೆ ಎಣ್ಣೆ ಸುರಿಯುತ್ತಾನೆ. ಒಗ್ಗರಣೆಗೆ ಮಂಡಕ್ಕಿ ನೆನೆಸುತ್ತಾನೆ. ಈರುಳ್ಳಿ ಹೆಚ್ಚುತ್ತಾನೆ. ಆಮೇಲೆ ಬೆರಳ ತುದಿಯಿಂದ ಕಡಲೆ ಹಿಟ್ಟಿನ ಒಂದು ಹನಿಯನ್ನು ಎಣ್ಣೆಗೆ ಬಿಡುತ್ತಾನೆ. ಹನಿ ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಇನ್ನೂ ಕಾದಿಲ್ಲ. ಸರ್ರಂತ ಮೇಲೆದ್ದು ಗುಳ್ಳೆ ಬಿಟ್ಟರೆ ಕಾದಿದೆ. ಮೆಣಸಿನಕಾಯಿ ಅದ್ದುವುದು ಆಗ.

ಇದರಲ್ಲಿ ಎರಡು ಜಾಣತನ ಇದೆ. ಒಂದು, ಅವನು ಹಾಕುವುದು ಒಂದೇ ಹನಿ. ಪರೀಕ್ಷೆಗೆ ಅಂತ ಎಂಟು ಮೆಣಸಿನಕಾಯಿ ಒಟ್ಟಿಗೆ ಬಿಟ್ಟರೆ ಎಣ್ಣೆಯೇ ಆರಿಹೋಗುತ್ತದೆ. ಆಗ ಅವನಿಗೆ ಗೊತ್ತಾಗುವುದು ಕಾದ ಎಣ್ಣೆಯ ಬಿಸಿ ಅಲ್ಲ, ತಾನೇ ಕೆಡಿಸಿದ ಎಣ್ಣೆಯ ಬಿಸಿ. ಇನ್ನೊಂದು, ಅವನು ಎಷ್ಟು ಡಿಗ್ರಿ ಅಂತ ಕೇಳುವುದೇ ಇಲ್ಲ. ಒಂದು ಗೆರೆ ದಾಟಿದೆಯಾ ಇಲ್ಲವಾ, ಅಷ್ಟೇ.

ಜಗತ್ತಿನ ಅತಿ ಸೂಕ್ಷ್ಮ ಥರ್ಮಾಮೀಟರ್‌ಗಳಲ್ಲಿ ಒಂದು ನಡೆಯುವುದು ಹೆಚ್ಚು ಕಡಿಮೆ ಇದೇ ಎರಡು ಜಾಣತನದ ಮೇಲೆ. ಅದರಲ್ಲಿ ಹಿಟ್ಟಿನ ಬದಲು ಗ್ರಾಫೀನ್ ಅನ್ನುವ ಕಾರ್ಬನ್ ಹಾಳೆ ಇದೆ. ಕಾದ ಎಣ್ಣೆಯ ಬದಲು, ನಮ್ಮ ಊರಿನವರು ಊಹಿಸಲೂ ಕಷ್ಟವಾಗುವಂಥ ಚಳಿ ಇದೆ.

ನಾನು ಹೊಟ್ಟೆಪಾಡಿಗೆ ಬಿಸಿ ಅಳೆಯುವವ. ಇನ್‌ಸ್ಟ್ರುಮೆಂಟೇಶನ್ ಕೆಲಸ, ಅದೂ ಉಕ್ಕಿನ ಕಡೆ. ಕರಗಿದ ಉಕ್ಕಿನ ಬಿಸಿ ನೋಡುವ ರೀತಿ ಗೊತ್ತಾ? ಉದ್ದನೆ ಸಲಾಕೆಯ ತುದಿಗೆ ರಟ್ಟಿನ ಕೊಳವೆ, ಅದರ ಮೂತಿಯಲ್ಲಿ ಪುಟ್ಟ ಥರ್ಮೋಕಪಲ್, ಅಂದರೆ ಬಿಸಿಯನ್ನು ವೋಲ್ಟೇಜ್ ಆಗಿ ತೋರಿಸುವ ತಂತಿಗಳ ಜೋಡಿ. ಅದನ್ನು ಉಕ್ಕಿಗೆ ಚುಚ್ಚುತ್ತಾರೆ. ನಾಲ್ಕೈದು ಸೆಕೆಂಡಿನಲ್ಲಿ ಪರದೆ ಮೇಲೆ 1,600 ಡಿಗ್ರಿಯ ಆಸುಪಾಸು ಒಂದು ಅಂಕಿ ಬರುತ್ತದೆ. ಅಷ್ಟರಲ್ಲಿ ಮೂತಿ ಸುಟ್ಟು ಹೋಗಿರುತ್ತದೆ. ಪರವಾಗಿಲ್ಲ, ಒಂದು ಸಲ ಬಳಸಿ ಬಿಸಾಡಲೆಂದೇ ಅದನ್ನು ಮಾಡಿರುತ್ತಾರೆ. ನೂರಾರು ಟನ್ ಉಕ್ಕಿನ ಮುಂದೆ ಆ ಮೂತಿ ಎಷ್ಟರದ್ದು? ಅದು ಕುಡಿದ ಬಿಸಿ ಲೆಕ್ಕಕ್ಕೇ ಇಲ್ಲ.

ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ವಿಷಯದಲ್ಲಿ ನಾನು ಮಂಗ ಆದೆ. ಒಂದು ಸಣ್ಣ ಬಟ್ಟಲಿನಲ್ಲಿ ಬಿಸಿ ಎಣ್ಣೆ ಇತ್ತು. ನಾನು ಹೆಬ್ಬೆರಳಷ್ಟು ದಪ್ಪದ ಸ್ಟೀಲ್ ಪ್ರೋಬ್ ಇಳಿಸಿದೆ. ಎಂಟು ಡಿಗ್ರಿ ಕಡಿಮೆ ಬಂತು. ಹೀಟರ್ ಕೆಟ್ಟಿದೆ ಅಂತ ಬರೆದುಬಿಟ್ಟೆ. ಹಿರಿಯರೊಬ್ಬರು ಬಂದು ನೋಡಿ ನಕ್ಕರು. "ಹೀಟರ್ ಕೆಟ್ಟಿಲ್ಲಪ್ಪ, ನಿನ್ನ ಪ್ರೋಬೇ ಬಿಸಿ ಕುಡೀಲಿಕ್ಕೆ ಹತ್ತೇತಿ" ಅಂದರು.

ಅಳೆಯುವುದು ಅಂದರೆ ಮುಟ್ಟುವುದು. ಮುಟ್ಟಿದರೆ ಬಿಸಿ ಕೊಡಬೇಕು, ಇಲ್ಲ ತೆಗೆದುಕೊಳ್ಳಬೇಕು. ವಸ್ತು ದೊಡ್ಡದಿದ್ದು ಥರ್ಮಾಮೀಟರ್ ಸಣ್ಣದಿದ್ದರೆ ತೊಂದರೆ ಇಲ್ಲ. ವಸ್ತುವೇ ಸಣ್ಣದಾದರೆ ಗೋಳು ಶುರು.

ಚಳಿಯ ಲೆಕ್ಕ

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಾನೆ. "ಮಾಮಾ, ನೀವು ಸಾವಿರದ ಆರುನೂರು ಡಿಗ್ರಿ ಅಳೀತೀರಿ, ನಾವು ಕೆಲ್ವಿನ್‌ನ ನೂರನೇ ಒಂದು ಪಾಲು ಅಳೀತೀವಿ. ಯಾರದ್ದು ಕಷ್ಟ ಹೇಳ್ರಿ" ಅಂತ ಕಾಲೆಳೆಯುತ್ತಿರುತ್ತಾನೆ. ನನ್ನದೇ ಕಷ್ಟ ಅಂತ ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಸುಮ್ನೆ ಲೆಕ್ಕ ಹಾಕಿ ನೋಡಿದೆ.

ನಾವು ಸೊನ್ನೆ ಅನ್ನುವುದು ನೀರು ಮಂಜಾಗುವ ಬಿಸಿಗೆ. ಅದು ನಮ್ಮ ಅನುಕೂಲಕ್ಕೆ ಇಟ್ಟುಕೊಂಡ ಸೊನ್ನೆ. ಪ್ರಕೃತಿಯ ಸೊನ್ನೆ ಇರುವುದು ಮೈನಸ್ 273.15 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗೆ ಅನ್ನುವುದೇ ಇಲ್ಲ. ಅಲ್ಲಿಂದ ಮೇಲಕ್ಕೆ ಎಣಿಸುವ ಅಳತೆ ಕೆಲ್ವಿನ್. ಏಪ್ರಿಲ್ ಮಧ್ಯಾಹ್ನ ರಾಯಚೂರಲ್ಲೋ ಬಳ್ಳಾರಿಯಲ್ಲೋ 42 ಡಿಗ್ರಿ ಅಂದರೆ 315 ಕೆಲ್ವಿನ್. ಕರಗಿದ ಉಕ್ಕು ಸುಮಾರು 1,870 ಕೆಲ್ವಿನ್. ಭಾಗಿಸಿದರೆ ಬರುವುದು ಬರೀ ಆರು. ನಮ್ಮ ಬಿಸಿಲಿಗೂ ಕುಲುಮೆಯ ಉಕ್ಕಿಗೂ ಆರು ಪಟ್ಟಿನ ವ್ಯತ್ಯಾಸ, ಅಷ್ಟೇ! ಸೂರ್ಯನ ಮೇಲ್ಮೈ ಹಿಡಿದರೂ 19 ಪಟ್ಟು ದಾಟುವುದಿಲ್ಲ. (ಮೇ ತಿಂಗಳಲ್ಲಿ ಮೋಕಾ ರಸ್ತೆಯಲ್ಲಿ ಬೈಕ್ ಓಡಿಸಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಕ್ಕಿಲ್ಲ.)

ಈಗ ಕೆಳಗೆ ಇಳಿಯೋಣ. ನಕ್ಷತ್ರಗಳ ನಡುವಿನ ಖಾಲಿ ಆಕಾಶದ ಬಿಸಿ 2.7 ಕೆಲ್ವಿನ್. ಹುಡುಗನ ಲ್ಯಾಬಿನ ಫ್ರಿಜ್ 0.01 ಕೆಲ್ವಿನ್‌ವರೆಗೆ, ಅಂದರೆ 10 ಮಿಲಿಕೆಲ್ವಿನ್‌ವರೆಗೆ ಇಳಿಯುತ್ತದೆ. ನಮ್ಮ ಬಿಸಿಲಿಗೂ ಅದಕ್ಕೂ 31,500 ಪಟ್ಟು ವ್ಯತ್ಯಾಸ. ಆರು ಪಟ್ಟು ಮೇಲೆ ಹತ್ತಿದ್ದಕ್ಕೇ ನಾನು ಜಂಬ ಪಡುತ್ತಿದ್ದೆ.

ಆ ಫ್ರಿಜ್ ನೋಡಲು ಒಮ್ಮೆ ಹೋಗಿದ್ದೆ. ಹೊರಗಿನ ಡಬ್ಬಿ ಬಿಚ್ಚಿ ಇಟ್ಟಿದ್ದರು. ಮದುವೆ ಹಾಲಿನ ತೂಗುದೀಪದ ಹಾಗೆ ಚಿನ್ನದ ಲೇಪದ ತಾಮ್ರದ ತಟ್ಟೆಗಳು ಒಂದರ ಕೆಳಗೆ ಒಂದು ನೇತಾಡುತ್ತಿದ್ದವು. ಕೆಳಗೆ ಹೋದಂತೆ ತಟ್ಟೆ ಸಣ್ಣದು, ಚಳಿ ಜಾಸ್ತಿ. ಪಕ್ಕದಲ್ಲಿ ಇನ್ನೊಂದು ಫ್ರಿಜ್ ಓಡುತ್ತಿತ್ತು. ಚಿಂವ್... ಚಿಂವ್... ಅಂತ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ ಕೂಗು. ಗಂಗಾವತಿಯ ಅಕ್ಕಿ ಮಿಲ್ಲಿನ ಪಕ್ಕ ಮಲಗಿ ಬೆಳೆದ ಹುಡುಗನಿಗೆ ಆ ಸದ್ದು ಕಿವಿಗೇ ಬೀಳುವುದಿಲ್ಲವಂತೆ.

ಅದು ತಣ್ಣಗಾಗುವ ರೀತಿ ನಮ್ಮ ಮಣ್ಣಿನ ಮಡಕೆಗೆ ದೂರದ ನೆಂಟ. ಮಡಕೆಯಲ್ಲಿ ನೀರು ಆವಿಯಾಗಿ ಹೋಗುತ್ತಾ ಒಳಗಿನ ಬಿಸಿ ಹೊತ್ತೊಯ್ಯುತ್ತದೆ. ಈ ಫ್ರಿಜ್‌ನಲ್ಲಿ ಹೀಲಿಯಂನ ಎರಡು ಬಗೆ ಇವೆ. ಹೀಲಿಯಂ-3 ದಟ್ಟವಾಗಿರುವ ಪದರದಿಂದ ಹೀಲಿಯಂ-4 ಜಾಸ್ತಿ ಇರುವ ಪದರಕ್ಕೆ ನುಸುಳುವಾಗ ಬಿಸಿ ಎಳೆದುಕೊಳ್ಳುತ್ತದೆ. 1951ರಲ್ಲಿ ಹೈಂಜ್ ಲಂಡನ್ ಎಂಬುವವರಿಗೆ ಹೊಳೆದ ವಿಚಾರ ಇದು. ಕೆಲಸ ಮಾಡುವ ಮೊದಲ ಯಂತ್ರ ತಯಾರಾದದ್ದು 1964ರಲ್ಲಿ, ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ.

ಇಷ್ಟು ದೊಡ್ಡ ಯಂತ್ರಕ್ಕೆ ತಳದ ತಟ್ಟೆಯಲ್ಲಿ ಇರುವ ತಾಕತ್ತು ಎಷ್ಟು? 20 ಮಿಲಿಕೆಲ್ವಿನ್‌ನಲ್ಲಿ ಹತ್ತಿಪ್ಪತ್ತು ಮೈಕ್ರೊವ್ಯಾಟ್ ಬಿಸಿ ಹೊರಗೆ ಹಾಕಬಲ್ಲದು. ಟಿವಿಯ ಕೆಂಪು ಸ್ಟ್ಯಾಂಡ್‌ಬೈ ದೀಪ ಅಲ್ಲಿಟ್ಟರೆ ಕಥೆ ಮುಗಿಯಿತು.

ಮಾಮೂಲಿ ಥರ್ಮಾಮೀಟರ್ ಸೋಲುವುದು ಎಲ್ಲಿ

ಪಾದರಸ ಮೈನಸ್ 39 ಡಿಗ್ರಿಗೇ ಗಟ್ಟಿಯಾಗುತ್ತದೆ. ನನ್ನ ಥರ್ಮೋಕಪಲ್‌ಗಳ ವೋಲ್ಟೇಜ್ ಕೆಳಗೆ ಹೋದಂತೆ ಸೊರಗಿ ಹೋಗುತ್ತದೆ. ಹಾಗಾಗಿ ಅಲ್ಲಿ ಬಳಸುವುದು ರೆಸಿಸ್ಟರ್, ಕರೆಂಟ್‌ಗೆ ತಡೆ ಒಡ್ಡುವ ಬಿಡಿಭಾಗ. ತಣ್ಣಗಾದಂತೆ ಅದರ ತಡೆ ಏರುತ್ತದೆ. ಒಂದಷ್ಟು ಕರೆಂಟ್ ಹರಿಸಿ ತಡೆ ಓದಿದರೆ ಬಿಸಿ ಗೊತ್ತಾಗುತ್ತದೆ. ಹಿಂದೆ ಹಳೇ ರೇಡಿಯೊಗಳ ಕಾರ್ಬನ್ ರೆಸಿಸ್ಟರ್‌ಗಳನ್ನೇ ಇದಕ್ಕೆ ಹಾಕುತ್ತಿದ್ದರು. ಈಗ ರುಥೇನಿಯಂ ಆಕ್ಸೈಡ್‌ನದ್ದು. ಅದೂ ಎಲೆಕ್ಟ್ರಾನಿಕ್ಸ್ ಬೋರ್ಡುಗಳ ಮೇಲೆ ಕೂತಿರುತ್ತದಲ್ಲ, ಸಾಸಿವೆಯಂಥ ಚಿಪ್ ರೆಸಿಸ್ಟರ್, ಅದೇ ಜಾತಿ.

ತೊಂದರೆ ಇರುವುದು ಆ "ಒಂದಷ್ಟು ಕರೆಂಟ್"ನಲ್ಲಿ. ರೆಸಿಸ್ಟರ್‌ನಲ್ಲಿ ಕರೆಂಟ್ ಹರಿದರೆ ಅದು ಕಾಯುತ್ತದೆ. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಮಾಡುವುದೂ ಅದನ್ನೇ. ಮಿಲಿಕೆಲ್ವಿನ್ ಚಳಿಯಲ್ಲಿ ಥರ್ಮಾಮೀಟರ್ ಓದುವುದಕ್ಕೇ ಒಂದು ಪುಟಾಣಿ ಇಸ್ತ್ರಿ ಪೆಟ್ಟಿಗೆ ಹಚ್ಚಿದಂತೆ. ಕರೆಂಟ್ ಕಡಿಮೆ ಮಾಡಿದರೆ ಓದುವ ಸಂಕೇತ ಗದ್ದಲದಲ್ಲಿ ಮುಳುಗುತ್ತದೆ. ಜಾಸ್ತಿ ಮಾಡಿದರೆ ಥರ್ಮಾಮೀಟರ್ ತನ್ನ ಜ್ವರವನ್ನೇ ತಾನು ಹೇಳಿಕೊಳ್ಳುತ್ತದೆ.

ಇನ್ನೊಂದು ಕಿರಿಕಿರಿ ಇದೆ. ಇದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಲೋಹದ ತುಂಡಿಗೆ ಒಂದೇ ಬಿಸಿ ಇರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಅಷ್ಟು ಕೆಳಗೆ ಹಾಗಿಲ್ಲ. ಲೋಹದಲ್ಲಿ ಎರಡು ಸಂಸಾರ ಇವೆ. ಜಾಗದಲ್ಲೇ ನಿಂತು ನಡುಗುವ ಪರಮಾಣುಗಳದ್ದು ಒಂದು, ಓಡಾಡುವ ಎಲೆಕ್ಟ್ರಾನ್‌ಗಳದ್ದು ಇನ್ನೊಂದು. ಮಾಮೂಲಿ ಬಿಸಿಯಲ್ಲಿ ಎರಡೂ ಒಂದೇ ಒಲೆಯ ಊಟ. ಚಳಿ ಹೆಚ್ಚಿದಂತೆ ಅವುಗಳ ನಡುವಿನ ಕೊಡುಕೊಳ್ಳುವಿಕೆ ನಿಂತೇ ಹೋಗುತ್ತದೆ. ಮನೆ ಒಂದೇ, ಒಲೆ ಬೇರೆ. ತಟ್ಟೆ 10 ಮಿಲಿಕೆಲ್ವಿನ್ ಅಂತ ತೋರಿಸುತ್ತಿರುತ್ತದೆ, ಅದರ ಮೇಲಿನ ಚಿಪ್‌ನ ಎಲೆಕ್ಟ್ರಾನ್‌ಗಳು 50ರಲ್ಲೋ 100ರಲ್ಲೋ ಇರುತ್ತವೆ. ಮೇಲಿನಿಂದ ಬರುವ ತಂತಿಗಳ ಮೂಲಕ ರೇಡಿಯೊ ಗದ್ದಲ ಇಳಿದು ಅವುಗಳನ್ನು ಕಾಯಿಸುತ್ತಿರುತ್ತದೆ. ಇಂಥ ಚಳಿಯಲ್ಲಿ ಚಿಪ್ ಓಡಿಸುವ ಕ್ವಾಂಟಮ್ ಕಂಪ್ಯೂಟರ್ ಕಟ್ಟುವವರಿಗೆ ತಟ್ಟೆಯ ಬಿಸಿ ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಅವರಿಗೆ ಬೇಕಿರುವುದು ಎಲೆಕ್ಟ್ರಾನ್‌ಗಳ ಬಿಸಿ.

ಹಾಗಾಗಿ ಥರ್ಮಾಮೀಟರ್ ಎಲೆಕ್ಟ್ರಾನ್‌ಗಳ ಸಂಸಾರದೊಳಗೇ ಹೋಗಿ ಕೂರಬೇಕು. ಅಲ್ಲಿ ಕೂತು ಬಿಸಿ ಕುಡಿಯಲೂ ಬಾರದು, ಕೊಡಲೂ ಬಾರದು.

ಹತ್ತು ಸಾವಿರ ಎಲೆಕ್ಟ್ರಾನ್‌ಗಳ ಊರು

ಗ್ರಾಫೀನ್ ಅಂದರೆ ಪೆನ್ಸಿಲ್ ಸೀಸದಲ್ಲಿರುವ ಗ್ರಾಫೈಟ್‌ನ ಒಂದೇ ಒಂದು ಪದರ. ದಪ್ಪ ಒಂದು ಪರಮಾಣುವಿನಷ್ಟು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೋವ್ ಅದನ್ನು ಅಂಟು ಟೇಪಿನಿಂದ ಕಿತ್ತು ತೆಗೆದರು, 2010ರಲ್ಲಿ ನೊಬೆಲ್ ಬಂತು. ಈ ಕಥೆ ಎಲ್ಲರೂ ಕೇಳಿದ್ದೇ. "ಉಕ್ಕಿಗಿಂತ ಗಟ್ಟಿ" ಅಂತ ಅದನ್ನು ಹೊಗಳುವುದೂ ಹಳತಾಯಿತು. ಉಕ್ಕಿನ ಊರಿನವನಾಗಿ ಅದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನಮ್ಮ ಕೆಲಸಕ್ಕೆ ಬೇಕಾದ ಗುಣ ಅದಲ್ಲ. ಬೇಕಾದದ್ದು ಅದರ ಬಡತನ.

ಉದ್ದ ಅಗಲ ಒಂದೊಂದು ಮೈಕ್ರಾನ್ ಇರುವ ಗ್ರಾಫೀನ್ ತುಂಡು ತೆಗೆದುಕೊಳ್ಳಿ. ಕೂದಲಿನ ಅಡ್ಡಗಲದಲ್ಲಿ ಇಂಥವನ್ನು ಐವತ್ತು ಅರವತ್ತು ಸಾಲಾಗಿ ಜೋಡಿಸಬಹುದು. ಅದರಲ್ಲಿ ಸುಮಾರು 3.8 ಕೋಟಿ ಕಾರ್ಬನ್ ಪರಮಾಣುಗಳಿವೆ. ಆದರೆ ಕರೆಂಟ್ ಹೊತ್ತು ಓಡಾಡುವ ಎಲೆಕ್ಟ್ರಾನ್‌ಗಳು? ಸಾಮಾನ್ಯವಾಗಿ ಹತ್ತು ಸಾವಿರದಷ್ಟು. ಒಂದು ದೊಡ್ಡ ಹೋಬಳಿ ಊರಿನ ಜನಸಂಖ್ಯೆ. ಮಾಮೂಲಿ ಲೋಹದಲ್ಲಾದರೆ ಪರಮಾಣುವಿಗೆ ಒಂದರಂತೆಯಾದರೂ ಇರುತ್ತವೆ.

ಆ ಹತ್ತು ಸಾವಿರವೂ ಬಿಸಿಯಲ್ಲಿ ಪಾಲು ತೆಗೆದುಕೊಳ್ಳುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿನ ಸುತ್ತ ನಿಂತ ಜನವನ್ನು ನೆನೆಸಿಕೊಳ್ಳಿ. ನಡುವೆ ಇರುವವನಿಗೆ ಕೈ ಎತ್ತಲೂ ಜಾಗ ಇಲ್ಲ. ಅಲುಗಾಡಬಲ್ಲವರು ಗುಂಪಿನ ಅಂಚಿನವರು ಮಾತ್ರ. ಎಲೆಕ್ಟ್ರಾನ್‌ಗಳೂ ಹೀಗೇ. ಒಂದು ಸ್ಥಿತಿಯಲ್ಲಿ ಒಂದೇ ಕೂರಬೇಕು ಅನ್ನುವ ಕಟ್ಟುಪಾಡು ಇರುವುದರಿಂದ ಕೆಳಗಿನವೆಲ್ಲ ಗಚ್ಚಾಗಿ ತುಂಬಿಕೊಂಡಿರುತ್ತವೆ. ಬಿಸಿ ತಗುಲಿದಾಗ ಜಿಗಿಯುವುದು ಮೇಲಿನ ಅಂಚಿನ ಕೆಲವೇ ಕೆಲವು. ಚಳಿ ಹೆಚ್ಚಿದಷ್ಟೂ ಆ ಅಂಚು ತೆಳು. 0.1 ಕೆಲ್ವಿನ್‌ನಲ್ಲಿ ಆ ಇಡೀ ಊರು ಹಿಡಿದಿಡಬಲ್ಲ ಬಿಸಿ, ಕೈಬೆರಳೆಣಿಕೆಯಷ್ಟು ಕಣಗಳ ಬಿಸಿಯಷ್ಟು ಮಾತ್ರ.

ಇದರ ಅರ್ಥ ಏನು ಅಂತ ಲೆಕ್ಕ ಹಾಕಿದಾಗ ನಾನು ಎರಡು ಸಲ ತಿದ್ದಿದೆ, ತಪ್ಪು ಮಾಡಿದ್ದೇನೆ ಅಂದುಕೊಂಡು. ಮನೆ ಮೇಲಿನ ಟಿವಿ ಡಿಶ್ ಹಿಡಿಯುವ ಅಲೆಗಳು ಸುಮಾರು 12 ಗಿಗಾಹರ್ಟ್ಸ್‌ನವು. ಅಂಥ ಅಲೆಯ ಅತಿ ಸಣ್ಣ ತುಣುಕು, ಒಂದು ಫೋಟಾನ್. ಅದರ ಶಕ್ತಿ ಎಷ್ಟು ಕಡಿಮೆ ಅಂದರೆ ಹೇಳಲು ಹೋಲಿಕೆಯೇ ಸಿಗುವುದಿಲ್ಲ. ಆ ಒಂದು ಫೋಟಾನ್ ಈ ಗ್ರಾಫೀನ್ ತುಂಡಿಗೆ ಬಡಿದು, ಅದರ ಬಿಸಿ ಬೇರೆಲ್ಲೂ ಸೋರದೆ ಉಳಿದರೆ, ಎಲೆಕ್ಟ್ರಾನ್‌ಗಳು 0.1 ಕೆಲ್ವಿನ್‌ನಿಂದ ಸುಮಾರು 0.18 ಕೆಲ್ವಿನ್‌ಗೆ ಏರುತ್ತವೆ. ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಬಿಸಿಯನ್ನು ಒಂದು ಗ್ರಾಂ ತಾಮ್ರಕ್ಕೆ ಕೊಟ್ಟರೆ ಏರುವುದು ಇದರ ನೂರು ಕೋಟಿ ಕೋಟಿಯಲ್ಲಿ ಒಂದು ಪಾಲೂ ಇಲ್ಲ.

ಹಿಟ್ಟಿನ ಹನಿ ಇಷ್ಟು ಸಣ್ಣದಾದರೆ ಅದು ಎಣ್ಣೆಯನ್ನು ತಣ್ಣಗೆ ಮಾಡುವ ಮಾತೇ ಇಲ್ಲ. ಮೇಲಾಗಿ ಗ್ರಾಫೀನ್‌ನಲ್ಲಿ ಎಲೆಕ್ಟ್ರಾನ್‌ಗಳು ಪರಮಾಣುಗಳಿಗೆ ಬಿಸಿ ದಾಟಿಸುವುದೂ ಬಹಳ ನಿಧಾನ. ಬಂದ ಬಿಸಿ ಅಳೆಯುವಷ್ಟು ಹೊತ್ತು ಒಳಗೇ ನಿಲ್ಲುತ್ತದೆ.

ಬಿಸಿಯೇನೋ ಏರಿತು. ಅದನ್ನು ಓದುವುದು ಹೇಗೆ? ಓದಲು ಹೋಗಿ ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ಸೂಪರ್‌ಕಂಡಕ್ಟರ್ ಬರುವುದು ಇಲ್ಲಿ.

ತಡೆಯೇ ಇಲ್ಲದ ಸೇತುವೆ

1911ರಲ್ಲಿ ಲೈಡನ್‌ನಲ್ಲೇ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು 4.2 ಕೆಲ್ವಿನ್‌ಗೆ ಇಳಿಸಿದಾಗ ಅದರ ತಡೆ ದಿಢೀರನೆ ಮಾಯವಾಯಿತು. ಇದೇ ಸೂಪರ್‌ಕಂಡಕ್ಟರ್. ಅಲ್ಯೂಮಿನಿಯಂ 1.2 ಕೆಲ್ವಿನ್‌ನಲ್ಲಿ, ನಿಯೋಬಿಯಂ 9.2ರಲ್ಲಿ ಹಾಗಾಗುತ್ತವೆ. (ನಿಯೋಬಿಯಂ ನಮಗೆ ಉಕ್ಕಿನವರಿಗೆ ಹಳೇ ಪರಿಚಯ. ಪೈಪ್‌ಲೈನ್ ಉಕ್ಕು ಗಟ್ಟಿಯಾಗಲಿ ಅಂತ ಚಿಟಿಕೆಯಷ್ಟು ಹಾಕುತ್ತಾರೆ. ಅದಕ್ಕೆ ಇಂಥ ಇನ್ನೊಂದು ಬದುಕು ಇದೆ ಅಂತ ಗೊತ್ತಿರಲಿಲ್ಲ.) ಅದರೊಳಗೆ ಎಲೆಕ್ಟ್ರಾನ್‌ಗಳು ಜೋಡಿಯಾಗಿ, ಇಡೀ ಗುಂಪು ಒಂದೇ ತಾಳಕ್ಕೆ ಕುಣಿಯುವ ಹಾಗೆ ನಡೆಯುತ್ತವೆ.

ಎರಡು ಸೂಪರ್‌ಕಂಡಕ್ಟರ್ ದಂಡೆಗಳ ನಡುವೆ ಸಣ್ಣ ಕಂದಕ ಬಿಟ್ಟರೂ ಆ ಜೋಡಿಗಳು ದಾಟಿ ಹೋಗುತ್ತವೆ ಅಂತ 1962ರಲ್ಲಿ ಹೇಳಿದ್ದು ಬ್ರಯಾನ್ ಜೋಸೆಫ್‌ಸನ್. ಆಗ ಅವರಿನ್ನೂ ವಿದ್ಯಾರ್ಥಿ. 1973ರಲ್ಲಿ ನೊಬೆಲ್ ಬಂತು. ಅಂಥ ಜೋಡಣೆಗೆ ಜೋಸೆಫ್‌ಸನ್ ಜಂಕ್ಷನ್ ಅಂತ ಹೆಸರು. ಕಂದಕದಲ್ಲಿ ಗ್ರಾಫೀನ್ ಹಾಸಿದರೂ ಇದು ನಡೆಯುತ್ತದೆ ಅಂತ 2007ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ತಂಡ ತೋರಿಸಿತು. ಗ್ರಾಫೀನ್ ತಾನಾಗಿ ಸೂಪರ್‌ಕಂಡಕ್ಟರ್ ಅಲ್ಲ. ಎರಡು ದಂಡೆಗಳ ಸಹವಾಸದಿಂದ ಆ ಗುಣ ಅದಕ್ಕೂ ಅಂಟುತ್ತದೆ. (ಎರಡು ಪದರವನ್ನು 1.1 ಡಿಗ್ರಿ ತಿರುಚಿ ಇಟ್ಟರೆ ಗ್ರಾಫೀನ್ ತಾನೇ ಸೂಪರ್‌ಕಂಡಕ್ಟರ್ ಆಗುವುದನ್ನು 2018ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕಂಡರು. ಅದು ಬೇರೆಯೇ ಕಥೆ.)

ಈ ಸಹವಾಸದ ಸೇತುವೆಗೆ ಒಂದು ಮಿತಿ ಇದೆ. ಇಷ್ಟು ಕರೆಂಟ್‌ವರೆಗೆ ತಡೆ ಸೊನ್ನೆ. ತಡೆ ಸೊನ್ನೆ ಅಂದರೆ ವೋಲ್ಟೇಜ್ ಸೊನ್ನೆ, ವೋಲ್ಟೇಜ್ ಸೊನ್ನೆ ಅಂದರೆ ಕಾಯುವುದೂ ಸೊನ್ನೆ. ಇಸ್ತ್ರಿ ಪೆಟ್ಟಿಗೆಯ ಕಾಟ ಹೋಯಿತು. ಮಿತಿ ದಾಟಿದ ಕೂಡಲೇ ಸೇತುವೆ ಮುರಿದಂತೆ ವೋಲ್ಟೇಜ್ ಟಪ್ ಅಂತ ಎದ್ದುಬಿಡುತ್ತದೆ. ಮುಖ್ಯ ವಿಷಯ ಏನೆಂದರೆ, ಆ ಮಿತಿ ಎಲೆಕ್ಟ್ರಾನ್‌ಗಳ ಬಿಸಿಯ ಮೇಲೆ ನಿಂತಿದೆ. ಬಿಸಿ ಏರಿದರೆ ಮಿತಿ ಇಳಿಯುತ್ತದೆ.

ಈಗ ಬಂಡಿಯ ಅಣ್ಣನ ಎರಡನೇ ಜಾಣತನ. ಕರೆಂಟನ್ನು ಮಿತಿಗಿಂತ ಕೂದಲೆಳೆ ಕೆಳಗೆ ಇಟ್ಟು ಕಾಯುತ್ತಾರೆ. ಒಂದು ಚೂರು ಬಿಸಿ ಬಂದರೂ ಮಿತಿ ಕೆಳಗಿಳಿದು ಟಪ್ ಅನ್ನುತ್ತದೆ. ಹನಿ ಮೇಲೆದ್ದಿತು! ಬಿಸಿಯ ಅಂಕಿ ಬೇಕಾದರೆ ಕರೆಂಟನ್ನು ಸೊನ್ನೆಯಿಂದ ನಿಧಾನಕ್ಕೆ ಏರಿಸಿ ಎಲ್ಲಿ ಟಪ್ ಅಂದಿತು ಅಂತ ಬರೆದುಕೊಳ್ಳುತ್ತಾರೆ.

ಇಲ್ಲೊಂದು ತಮಾಷೆ ಇದೆ. ಬಿಸಿ ಒಂದೇ ಇದ್ದರೂ ಪ್ರತಿ ಸಲ ಟಪ್ ಅನ್ನುವ ಜಾಗ ಒಂದೇ ಇರುವುದಿಲ್ಲ. ಈ ಸಲ ಸ್ವಲ್ಪ ಮೊದಲು, ಮುಂದಿನ ಸಲ ಸ್ವಲ್ಪ ತಡ. ಬಿಸಿಯ ನಡುಕ ಜಂಕ್ಷನ್ನನ್ನು ಆಗಾಗ ಮಿತಿಗೆ ಮುಂಚೆಯೇ ಆಚೆ ತಳ್ಳುತ್ತದೆ. ನಮ್ಮ ಕೆಲಸದಲ್ಲಿ ಹೀಗಾದರೆ ಮೀಟರ್ ಕೆಟ್ಟಿದೆ ಅಂತ ಬದಲಾಯಿಸುತ್ತೇವೆ. ಇವರು ಹಾಗಲ್ಲ, ಸಾವಿರಾರು ಸಲ ಏರಿಸಿ ಇಳಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಸಲ ಟಪ್ ಅಂದಿತು ಅಂತ ರಾಶಿ ಹಾಕುತ್ತಾರೆ. ಭತ್ತದ ರಾಶಿಯಂತೆ ಒಂದು ಗುಡ್ಡೆ ಬರುತ್ತದೆ. ಗುಡ್ಡೆಯ ನೆತ್ತಿ ಎಲ್ಲಿದೆ, ಗುಡ್ಡೆ ಎಷ್ಟು ಹರಡಿದೆ, ಎರಡೂ ಸೇರಿ ಬಿಸಿ ಹೇಳುತ್ತವೆ. ಗದ್ದಲವನ್ನೇ ಅಳತೆಗೋಲು ಮಾಡಿಕೊಂಡ ಈ ಉಪಾಯ ನನಗೆ ಬಹಳ ಹಿಡಿಸಿತು.

ಚಳಿ ತೀರಾ ಹೆಚ್ಚಾದಾಗ ಗುಡ್ಡೆಯ ಅಗಲ ಒಂದು ಹಂತದಲ್ಲಿ ನಿಂತುಬಿಡುತ್ತದೆ. ಎಷ್ಟು ತಣ್ಣಗೆ ಮಾಡಿದರೂ ಇನ್ನು ಕಿರಿದಾಗುವುದಿಲ್ಲ. ಬಿಸಿಯ ನಡುಕ ಅಡಗಿದ್ದರೂ ಜಂಕ್ಷನ್ ತನ್ನನ್ನು ತಡೆದಿಟ್ಟ ಶಕ್ತಿಯ ಗೋಡೆಯನ್ನು ಹತ್ತದೆ, ಅದರೊಳಗಿಂದಲೇ ತೂರಿ ಆಚೆ ಹೋಗುತ್ತದೆ. ಇದಕ್ಕೆ ಕ್ವಾಂಟಮ್ ಟನೆಲಿಂಗ್ ಅಂತಾರೆ. ಒಂದು ಇಡೀ ಸರ್ಕ್ಯೂಟ್ ಹೀಗೆ ತೂರುವುದನ್ನು 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ತೋರಿಸಿದ ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಅವರಿಗೆ 2025ರ ಭೌತಶಾಸ್ತ್ರದ ನೊಬೆಲ್ ಬಂತು. ಅವರಿಗೆ ನೊಬೆಲ್ ತಂದ ಸಂಗತಿಯೇ ನಮ್ಮ ಥರ್ಮಾಮೀಟರ್‌ನ ತಳ ಮುಟ್ಟುವ ಜಾಗ. ಅಲ್ಲಿಂದ ಕೆಳಗೆ ಗುಡ್ಡೆಯ ಅಗಲ ನೋಡಿ ಬಿಸಿ ಹೇಳಲಾಗುವುದಿಲ್ಲ.

ಕೊಡ ತುಂಬುವ ಸದ್ದು

ಟಪ್ ಅನ್ನಿಸುವುದರಲ್ಲಿ ಒಂದು ದೋಷ ಉಳಿದೇ ಇದೆ. ಸೇತುವೆ ಮುರಿದ ಮೇಲೆ ವೋಲ್ಟೇಜ್ ಎದ್ದಿರುತ್ತದೆ, ಎಲೆಕ್ಟ್ರಾನ್‌ಗಳು ಬಿಸಿಯಾಗುತ್ತವೆ. ಮತ್ತೆ ತಣ್ಣಗಾಗುವ ತನಕ ಕಾಯಬೇಕು. ಹಾಗಾಗಿ ಮುರಿಯದೆಯೇ ಓದುವ ದಾರಿಯನ್ನೂ ಕಂಡುಕೊಂಡಿದ್ದಾರೆ.

ನಲ್ಲಿಯಲ್ಲಿ ನೀರು ಬಂದ ದಿನ ಅಡುಗೆಮನೆಯಲ್ಲಿದ್ದುಕೊಂಡೇ "ಕೊಡ ತುಂಬ್ತು ನೋಡು" ಅಂತ ಅಮ್ಮ ಕೂಗುತ್ತಿದ್ದಳು. ಕೊಡ ಕಣ್ಣಿಗೆ ಕಾಣುತ್ತಿರಲಿಲ್ಲ. ನೀರು ಏರಿದಂತೆ ಸದ್ದಿನ ಸ್ವರ ಏರುತ್ತಾ ಹೋಗುತ್ತದಲ್ಲ, ಅದನ್ನೇ ಕೇಳಿ ಹೇಳುತ್ತಿದ್ದಳು. ಜೋಸೆಫ್‌ಸನ್ ಜಂಕ್ಷನ್ ಮಿತಿಯ ಒಳಗೆ ಇರುವಾಗ ಒಂದು ಕಾಯಿಲ್‌ನಂತೆ, ಅಂದರೆ ತಂತಿಯ ಸುರುಳಿಯಂತೆ ವರ್ತಿಸುತ್ತದೆ. ಅದನ್ನು ಒಂದು ಮೈಕ್ರೊವೇವ್ ಸರ್ಕ್ಯೂಟ್‌ಗೆ ಸೇರಿಸಿದರೆ ಆ ಸರ್ಕ್ಯೂಟ್‌ಗೆ ತನ್ನದೇ ಒಂದು ಸ್ವರ ಇರುತ್ತದೆ. ಗ್ರಾಫೀನ್ ಬಿಸಿಯಾದರೆ ಮಿತಿ ಇಳಿಯುತ್ತದೆ, ಕಾಯಿಲ್‌ನ ಗುಣ ಬದಲಾಗುತ್ತದೆ, ಸ್ವರ ಕೆಳಗಿಳಿಯುತ್ತದೆ. ಮೆಲ್ಲಗೆ ಒಂದು ಮೈಕ್ರೊವೇವ್ ಸಂಕೇತ ಕಳಿಸಿ, ಮರಳಿ ಬಂದದ್ದನ್ನು ಕೇಳಿದರೆ ಆಯಿತು.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಎರಡು ತಂಡಗಳ ಫಲಿತಾಂಶ ಬಂತು. ಒಂದು ತಂಡದಲ್ಲಿ ಹಾರ್ವರ್ಡ್, ಎಂಐಟಿ, ರೇಥಿಯಾನ್ ಬಿಬಿಎನ್ ಕಂಪನಿ ಮತ್ತು ದಕ್ಷಿಣ ಕೊರಿಯಾದ ಪೋಸ್ಟೆಕ್‌ನವರು ಇದ್ದರು. ಅವರು ಟಪ್ ಅನ್ನಿಸುವ ದಾರಿ ಹಿಡಿದರು. 0.19 ಕೆಲ್ವಿನ್‌ನಲ್ಲಿ ಅವರ ಗ್ರಾಫೀನ್ ಜಂಕ್ಷನ್‌ಗೆ ಸಿಕ್ಕ ಸೂಕ್ಷ್ಮತೆ, 32 ಗಿಗಾಹರ್ಟ್ಸ್‌ನ ಒಂದೇ ಫೋಟಾನ್‌ನ ಶಕ್ತಿಗೆ ಸಮ. ಇನ್ನೊಂದು ಫಿನ್ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದ ಮಿಕ್ಕೊ ಮೊಟ್ಟೊನೆನ್ ಅವರ ತಂಡ. ಅವರದ್ದು ಕೊಡದ ಸದ್ದಿನ ದಾರಿ. ಅವರ ಸಾಧನ ಬಿಸಿಗೆ ಸ್ಪಂದಿಸುವ ವೇಗ ಮೈಕ್ರೊಸೆಕೆಂಡ್‌ಗಿಂತ ಕಡಿಮೆ. ಹಿಂದೆ ಅವರೇ ಚಿನ್ನ-ಪಲ್ಲಾಡಿಯಂ ಮಿಶ್ರಲೋಹದಿಂದ ಮಾಡಿದ್ದು ಇದರಷ್ಟೇ ಸೂಕ್ಷ್ಮ ಇತ್ತು, ಆದರೆ ಬಹಳ ನಿಧಾನ. ಬಿಸಿ ಹಿಡಿದಿಡುವುದು ಕಡಿಮೆಯಾದರೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಗ್ರಾಫೀನ್‌ನ ಬಡತನ ಇಲ್ಲೂ ಕೈ ಹಿಡಿಯಿತು.

ಇವುಗಳನ್ನು ಬೊಲೊಮೀಟರ್ ಅಂತ ಕರೆಯುತ್ತಾರೆ, ಬರುವ ಅಲೆಯನ್ನು ಬಿಸಿಯ ಮೂಲಕ ಹಿಡಿಯುವ ಸಾಧನ. ಕ್ವಾಂಟಮ್ ಕಂಪ್ಯೂಟರ್‌ನ ಕ್ಯೂಬಿಟ್ (ಅದರ ಮಾಹಿತಿಯ ಅತಿ ಸಣ್ಣ ಘಟಕ) ಓದಲು, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್‌ನ ಗುಟ್ಟು ಹಿಡಿಯಲು, ಆಕಾಶದ ಮಂದ ಅಲೆಗಳನ್ನು ನೋಡಲು ಬಳಸುವ ಆಸೆ ಎಲ್ಲರಿಗೂ ಇದೆ. ಆ ಪಟ್ಟಿ ಪ್ರತಿ ಲೇಖನದ ಕೊನೆಯಲ್ಲೂ ಬರುತ್ತದೆ, ಇಲ್ಲಿಗೆ ಬಿಡುತ್ತೇನೆ. ನಮ್ಮ ಕಡೆಯ ಸುದ್ದಿ ಒಂದಿದೆ. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನಿಗಳು ಜಪಾನಿನವರ ಜೊತೆ ಸೇರಿ, ಬಹಳ ಶುದ್ಧವಾದ ಗ್ರಾಫೀನ್‌ನಲ್ಲಿ ಬಿಸಿ ಮತ್ತು ಕರೆಂಟ್ ಪರಸ್ಪರ ಕೈಬಿಟ್ಟು ಬೇರೆ ಬೇರೆ ದಾರಿ ಹಿಡಿಯುವುದನ್ನು 2025ರಲ್ಲಿ ತೋರಿಸಿದರು. ಲೋಹಗಳಿಗೆ ನೂರೆಪ್ಪತ್ತು ವರ್ಷದಿಂದ ಇರುವ ಒಂದು ನಿಯಮ ಅಲ್ಲಿ 200 ಪಟ್ಟಿಗೂ ಜಾಸ್ತಿ ತಪ್ಪಿತು. ಗ್ರಾಫೀನ್‌ನಲ್ಲಿ ಬಿಸಿ ಹೇಗೆ ಓಡುತ್ತದೆ ಅನ್ನುವುದು ಇನ್ನೂ ಮುಗಿದ ಪಾಠ ಅಲ್ಲ.

ಆ ಶುದ್ಧ ಗ್ರಾಫೀನ್ ಮಾಡುವುದು ಸುಲಭದ ಮಾತಲ್ಲ. ಬೋರಾನ್ ನೈಟ್ರೈಡ್ ಎಂಬ ಹರಳಿನ ಎರಡು ಹಾಳೆಗಳ ನಡುವೆ ಅದನ್ನು ಸ್ಯಾಂಡ್‌ವಿಚ್ ಮಾಡಿ ಇಡಬೇಕು. ಆ ಹರಳನ್ನು ಜಗತ್ತಿನ ಬಹುಪಾಲು ಲ್ಯಾಬ್‌ಗಳಿಗೆ ಬೆಳೆದು ಕೊಡುವವರು ಜಪಾನಿನ ಇಬ್ಬರೇ, ಟನಿಗುಚಿ ಮತ್ತು ವಟನಬೆ. ಬಿತ್ತನೆ ಬೀಜಕ್ಕೆ ಇಡೀ ಜಿಲ್ಲೆ ಒಂದೇ ಅಂಗಡಿಗೆ ಹೋದ ಹಾಗೆ. ಆಮೇಲೆ ಸೂಪರ್‌ಕಂಡಕ್ಟರ್ ದಂಡೆಗಳು ಗ್ರಾಫೀನ್‌ಗೆ ತಾಗಬೇಕು, ಅದೂ ಒಂದು ಪರಮಾಣು ದಪ್ಪದ ಅಂಚಿನಲ್ಲಿ. ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚು ಕಡಿಮೆ ಮಾಡಬಹುದು ಅನ್ನುವುದು ಗ್ರಾಫೀನ್‌ನ ದೊಡ್ಡ ಅನುಕೂಲ. ಆದರೆ ಅಲ್ಲೂ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇದೆ. ಎಲೆಕ್ಟ್ರಾನ್ ಕಡಿಮೆ ಮಾಡಿದರೆ ಹನಿ ಸಣ್ಣದಾಗುತ್ತದೆ ನಿಜ, ಸೇತುವೆಯೂ ಬಡಕಲಾಗುತ್ತದೆ.

ನನ್ನ ಕಸುಬಿನ ಕಣ್ಣಿಗೆ ಕಂಡ ದೊಡ್ಡ ಕೊರತೆ ಬೇರೆ. ಈ ಥರ್ಮಾಮೀಟರ್ ತಾನಾಗಿ ಡಿಗ್ರಿ ಹೇಳುವುದಿಲ್ಲ. ಯಾವ ಕರೆಂಟ್‌ಗೆ ಯಾವ ಬಿಸಿ ಅಂತ ಬೇರೊಂದು ಥರ್ಮಾಮೀಟರ್ ಪಕ್ಕದಲ್ಲಿಟ್ಟು ಮೊದಲೇ ಪಟ್ಟಿ ಮಾಡಿಕೊಳ್ಳಬೇಕು. ನಾವದನ್ನು ಕ್ಯಾಲಿಬ್ರೇಶನ್ ಅಂತೀವಿ. ಒಂದು ಜಂಕ್ಷನ್‌ನ ಪಟ್ಟಿ ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ದಿನ, ಒಂದೇ ಕೈಯಲ್ಲಿ ಮಾಡಿದ ಎರಡರ ಮಿತಿಯೂ ಬೇರೆ ಬೇರೆ. ಹುಡುಗನಿಗೆ ಇದನ್ನು ಹೇಳಿದರೆ "ಅದಕ್ಕೇ ಮಾಮಾ, ನಮಗೆ ಪಿಎಚ್‌ಡಿ ಮುಗಿಯೋದೇ ಇಲ್ಲ" ಅಂದ.

ಮೊನ್ನೆ ಅವನು ರಜೆಗೆ ಬಂದಿದ್ದ. ಸಂಜೆ ಬಂಡಿಗೆ ಕರೆದುಕೊಂಡು ಹೋದೆ. ಅಣ್ಣ ಹನಿ ಬಿಟ್ಟ. ಸರ್ರಂತ ಮೇಲೆದ್ದಿತು. ಹುಡುಗ ತಟ್ಟೆ ಮುಂದೆ ಚಾಚಿದ. ಅಣ್ಣ ಮೆಣಸಿನಕಾಯಿ ಮುಟ್ಟಲೇ ಇಲ್ಲ.

"ಇವತ್ತು ಹಿಟ್ಟು ತೆಳ್ಳಗಾಗೇತಿ, ಹನಿ ಲಗೂನ ಏಳತೈತಿ" ಅಂದ. "ಇನ್ನೊಂದು ನಿಮಿಷ ತಡೀರಿ."